ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೋ: ದೂರ ಒಂದೇ, ದಾರಿ ಹಲವು

"ಮಂಗಳೂರು ಎಷ್ಟು ದೂರ?" ಅಂತ ಬೆಂಗಳೂರಲ್ಲಿ ಯಾರನ್ನಾದ್ರೂ ಕೇಳಿ ನೋಡಿ. "ಮುನ್ನೂರೈವತ್ತು ಕಿಲೋಮೀಟರ್" ಅನ್ನೋರು ಕಮ್ಮಿ. "ರಾತ್ರಿ ಹತ್ತಕ್ಕೆ ಬಸ್ ಹತ್ತಿದ್ರೆ ಬೆಳಗ್ಗೆ ಇಳೀತೀರ" ಅನ್ನೋರೇ ಜಾಸ್ತಿ. ಮಳೆಗಾಲ ಆದ್ರೆ ಜೊತೆಗೆ "ಶಿರಾಡಿ ಘಾಟ್ ಓಪನ್ ಇದ್ಯಾ ನೋಡ್ಕೊಳ್ಳಿ" ಅಂತಾನೂ ಹೇಳ್ತಾರೆ. ನಮ್ಮ ಜನಕ್ಕೆ ದೂರ ಅಂದ್ರೆ ಕಿಲೋಮೀಟರ್ ಅಲ್ಲ, ಹೊತ್ತು. ಆ ಹೊತ್ತನ್ನ ತೀರ್ಮಾನ ಮಾಡೋದು ಘಾಟ್, ಮಳೆ, ರಸ್ತೆ.

ಆದ್ರೆ ವಿಮಾನದ ವಿಷಯಕ್ಕೆ ಬಂದಾಗ ಮಾತ್ರ ನಾವು ಇದನ್ನೆಲ್ಲ ಮರೆತುಬಿಡ್ತೀವಿ. ಆಕಾಶದಲ್ಲಿ ಘಾಟ್ ಎಲ್ಲಿದೆ, ಟ್ರಾಫಿಕ್ ಎಲ್ಲಿದೆ? ದೂರವನ್ನ ವೇಗದಿಂದ ಭಾಗಿಸಿದ್ರೆ ಟೈಮ್ ಬಂತು ಅಂದ್ಕೊಳ್ತೀವಿ. ಬೆಂಗಳೂರಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಸುಮಾರು 14,000 ಕಿ.ಮೀ. ದೊಡ್ಡ ವಿಮಾನದ ವೇಗ ಗಂಟೆಗೆ ಸುಮಾರು 900 ಕಿ.ಮೀ. ಅಂದ್ರೆ ಹದಿನೈದೂವರೆ ಗಂಟೆ. ಮುಗೀತು.

ಮುಗಿಯಲ್ಲ. ಇದೇ ಎರಡು ಊರುಗಳ ಮಧ್ಯೆ ಏರ್ ಇಂಡಿಯಾದ ಮೊದಲ ನೇರ ವಿಮಾನ 2021ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊರಟು ಬೆಂಗಳೂರಿಗೆ ಬಂದಾಗ ಅದರ ಶೆಡ್ಯೂಲ್‌ನಲ್ಲಿ ಇದ್ದದ್ದು 17 ಗಂಟೆ 45 ನಿಮಿಷ. ಎರಡು ಗಂಟೆಗಿಂತ ಹೆಚ್ಚು ಹೊತ್ತು ಎಲ್ಲಿಂದ ಬಂತು? ನಮ್ಮ ಕ್ಯಾಂಪಸ್‌ನಿಂದ ಪ್ರತಿ ವರ್ಷ ಮಾಸ್ಟರ್ಸ್‌ಗೆ ಅಂತ ಆ ಕಡೆ ಹೋಗೋ ಸೀನಿಯರ್ಸ್ ಇದ್ದಾರೆ. ನಾಳೆ ನಮ್ಮಲ್ಲೇ ಕೆಲವರು ಹೋಗ್ತೀವಿ. ಮನೆಯವರು ಫೋನಲ್ಲಿ ಫ್ಲೈಟ್ ಟ್ರ್ಯಾಕರ್ ಇಟ್ಕೊಂಡು, "ಅಮೆರಿಕ ಪಶ್ಚಿಮಕ್ಕಲ್ವಾ, ಇದ್ಯಾಕೆ ಉತ್ತರಕ್ಕೆ ಹೋಗ್ತಿದೆ?" ಅಂತ ಗಾಬರಿಯಾಗ್ತಾರೆ. ಅವರಿಗೆ ಸಮಾಧಾನ ಹೇಳೋಕಾದ್ರೂ ಈ ಲೆಕ್ಕ ನಮಗೆ ಗೊತ್ತಿರಬೇಕು. ಒಂದೊಂದಾಗಿ ಬಿಡಿಸೋಣ.

ಸ್ಕೇಲ್ ಬೇಡ, ದಾರ ತಗೊಳ್ಳಿ

ಶಾಲೆಯ ಗೋಡೆ ಮೇಲೆ ನೇತಾಡ್ತಿದ್ದ ವಿಶ್ವದ ನಕ್ಷೆ ನೆನಪಿದೆಯಾ? ಎಡಗಡೆ ಅಮೆರಿಕ, ಮಧ್ಯ ಆಫ್ರಿಕ, ಬಲಕ್ಕೆ ನಾವು. ಆ ನಕ್ಷೆ ಮೇಲೆ ಬೆಂಗಳೂರಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಸ್ಕೇಲ್ ಇಟ್ಟು ಗೆರೆ ಎಳೆದ್ರೆ ಅದು ಅರಬ್ಬಿ ಸಮುದ್ರ, ಆಫ್ರಿಕ, ಅಟ್ಲಾಂಟಿಕ್ ದಾಟಿ ಅಮೆರಿಕದ ಆ ತುದಿಗೆ ಹೋಗುತ್ತೆ. ನೋಡೋಕೆ ನೇರ. ಆದ್ರೆ ಆ ನಕ್ಷೆ 1569ರಲ್ಲಿ ಮರ್ಕೇಟರ್ ಕೊಟ್ಟ ಮಾದರಿಯದ್ದಾದ್ರೆ, ಆ ಗೆರೆಯ ಉದ್ದಕ್ಕೂ ನಿಜವಾಗಿ ಹಾರಿದ್ರೆ ಸುಮಾರು 20,000 ಕಿ.ಮೀ. ಆಗುತ್ತೆ. ಭೂಮಿಯ ಸುತ್ತಳತೆಯೇ ಸುಮಾರು 40,000 ಕಿ.ಮೀ. ಹಾಗಾಗಿ ಭೂಮಿ ಮೇಲೆ ಯಾವ ಎರಡು ಜಾಗಗಳ ಮಧ್ಯೆಯೂ ಅತಿ ಹತ್ತಿರದ ದಾರಿ 20,000 ಕಿ.ಮೀ.ಗಿಂತ ಹೆಚ್ಚಿರೋಕೆ ಸಾಧ್ಯವೇ ಇಲ್ಲ. ಅಂದ್ರೆ ಆ "ನೇರ" ಗೆರೆ ನಮ್ಮನ್ನ ಭೂಮಿಯ ಅರ್ಧ ಸುತ್ತಿನಷ್ಟು ಓಡಾಡಿಸುತ್ತೆ.

ಈಗ ಒಂದು ಗ್ಲೋಬ್ ತಗೊಳ್ಳಿ. ಗ್ಲೋಬ್ ಇಲ್ಲಾಂದ್ರೆ ಮೋಸಂಬಿ ಆದ್ರೂ ಸರಿ. ಎರಡು ಚುಕ್ಕಿ ಇಟ್ಟು, ಮಧ್ಯೆ ಒಂದು ದಾರ ಹಿಡಿದು ಬಿಗಿಯಾಗಿ ಎಳೀರಿ. ದಾರ ತಾನಾಗೇ ಅತಿ ಹತ್ತಿರದ ದಾರಿ ಹುಡುಕ್ಕೊಳ್ಳುತ್ತೆ. ಆ ದಾರಿಯನ್ನೇ ಮುಂದುವರಿಸಿ ಪೂರ್ತಿ ಸುತ್ತಿದ್ರೆ ಗೋಳವನ್ನ ಸರಿಯಾಗಿ ಎರಡು ಸಮಭಾಗ ಮಾಡೋ ವೃತ್ತ ಸಿಗುತ್ತೆ. ಇದಕ್ಕೆ ಮಹಾವೃತ್ತ ಅಂತ ಹೆಸರು. ಗೋಳದ ಮೇಲೆ "ನೇರ" ಅಂದ್ರೆ ಮಹಾವೃತ್ತ. ಗುಂಡಗಿರೋ ಸಿಪ್ಪೆಯನ್ನ ಚಪ್ಪಟೆ ಮಾಡಿ ಗೋಡೆಗೆ ಅಂಟಿಸಿದಾಗ ಈ ನೇರ ದಾರಿಯೇ ಬಿಲ್ಲಿನ ಹಾಗೆ ಬಾಗಿ ಕಾಣುತ್ತೆ. ಟ್ರ್ಯಾಕರ್‌ನಲ್ಲಿ ಕಾಣೋ ಬಾಗು ವಿಮಾನದ್ದಲ್ಲ, ನಕ್ಷೆಯದ್ದು.

ಕ್ಯಾಲ್ಕುಲೇಟರ್ ತೆಗೀರಿ

ದಾರದ ಉದ್ದ ಅಳೆಯೋಕೆ ಗ್ಲೋಬೂ ಬೇಡ. ನಮ್ಮ ಎಕ್ಸಾಮ್ ಹಾಲ್‌ಗೆ ತಗೊಂಡು ಹೋಗೋ ಸೈಂಟಿಫಿಕ್ ಕ್ಯಾಲ್ಕುಲೇಟರ್ ಸಾಕು. ಸೂತ್ರ ಇಷ್ಟೇ:

ಕಾಸ್(ಕೋನ) = ಸೈನ್(ಅ1) × ಸೈನ್(ಅ2) + ಕಾಸ್(ಅ1) × ಕಾಸ್(ಅ2) × ಕಾಸ್(ರೇಖಾಂಶಗಳ ವ್ಯತ್ಯಾಸ)

ಅ1, ಅ2 ಅಂದ್ರೆ ಎರಡು ಊರುಗಳ ಅಕ್ಷಾಂಶ. ಕೆಂಪೇಗೌಡ ವಿಮಾನ ನಿಲ್ದಾಣ 13.20° ಉತ್ತರ, 77.71° ಪೂರ್ವದಲ್ಲಿದೆ. ಸ್ಯಾನ್ ಫ್ರಾನ್ಸಿಸ್ಕೋ ನಿಲ್ದಾಣ 37.62° ಉತ್ತರ, 122.38° ಪಶ್ಚಿಮದಲ್ಲಿದೆ. ಒಂದು ಪೂರ್ವ, ಒಂದು ಪಶ್ಚಿಮ, ಹಾಗಾಗಿ ರೇಖಾಂಶಗಳನ್ನ ಕೂಡಿದ್ರೆ 200.09°. ಇದು 180 ದಾಟಿತು, ಅಂದ್ರೆ ಆ ಕಡೆಯಿಂದ ಸುತ್ತಿದ್ರೆ ಹತ್ತಿರ. 360ರಿಂದ ಕಳೆದ್ರೆ 159.91°.

ಹಾಕಿ ನೋಡಿ: ಮೊದಲ ಭಾಗ 0.139, ಎರಡನೇ ಭಾಗ ಮೈನಸ್ 0.724. ಒಟ್ಟು ಮೈನಸ್ 0.585. ಕಾಸ್ ಇನ್ವರ್ಸ್ ತಗೊಂಡ್ರೆ ಸುಮಾರು 125.8°. ಭೂಮಿಯ ಸರಾಸರಿ ತ್ರಿಜ್ಯ 6,371 ಕಿ.ಮೀ. ಅಂತ ಇಟ್ಕೊಂಡ್ರೆ ಒಂದು ಡಿಗ್ರಿಗೆ 111.2 ಕಿ.ಮೀ. ಗುಣಿಸಿದ್ರೆ ಸುಮಾರು 13,990 ಕಿ.ಮೀ. ಭೂಮಿ ಪಕ್ಕಾ ಗೋಳ ಅಲ್ಲ, ಧ್ರುವದ ಹತ್ತಿರ ಸ್ವಲ್ಪ ಚಪ್ಪಟೆ. ಅದರಿಂದ ಕೆಲವು ಕಿಲೋಮೀಟರ್ ಆಚೀಚೆ ಆಗುತ್ತೆ ಅಷ್ಟೇ.

ಈಗ ಗೋಡೆಯ ನಕ್ಷೆಯ 20,000ಕ್ಕೆ ಹೋಲಿಸಿ. ಬರೀ ಟ್ರಿಗೊನೊಮೆಟ್ರಿಯಿಂದ 6,000 ಕಿ.ಮೀ. ಉಳೀತು. ಪಿಯುಸಿಯಲ್ಲಿ "ಈ ಸೈನ್ ಕಾಸ್ ಎಲ್ಲಿ ಉಪಯೋಗಕ್ಕೆ ಬರುತ್ತೆ ಸಾರ್" ಅಂತ ಕೇಳಿದವರಿಗೆಲ್ಲ ಇದೇ ಉತ್ತರ.

ಆ ಗೆರೆ ಮೇಲೆ ಹಾರಬಹುದಾ?

ಇದೇ ಮಹಾವೃತ್ತ ಯಾವ ಯಾವ ಜಾಗದ ಮೇಲೆ ಹೋಗುತ್ತೆ ಅಂತಾನೂ ಲೆಕ್ಕ ಹಾಕಬಹುದು. ಬೆಂಗಳೂರಿಂದ ಉತ್ತರಕ್ಕೆ, ಸ್ವಲ್ಪ ಪೂರ್ವಕ್ಕೆ ವಾಲಿ ಹೊರಡುತ್ತೆ. ನೇಪಾಳ, ಟಿಬೆಟ್, ಮಂಗೋಲಿಯಾ, ಸೈಬೀರಿಯಾ ದಾಟಿ 71° ಉತ್ತರ ಅಕ್ಷಾಂಶದವರೆಗೆ ಏರುತ್ತೆ. ಅಲ್ಲಿ ಆರ್ಕ್ಟಿಕ್ ಸಾಗರದ ಅಂಚು ಮುಟ್ಟಿ ಇಳಿಯೋಕೆ ಶುರು ಮಾಡಿ, ಅಲಾಸ್ಕಾ ಮೇಲೆ ಹಾದು ಸ್ಯಾನ್ ಫ್ರಾನ್ಸಿಸ್ಕೋ ಸೇರುತ್ತೆ.

ಚೆನ್ನಾಗಿದೆ, ಹಾರೋಣ ಅಂದ್ರೆ ಮೊದಲ ಅಡ್ಡಿ ಟಿಬೆಟ್. ವಿಮಾನ ಹಾರೋದು ಹತ್ತು-ಹನ್ನೊಂದು ಕಿ.ಮೀ. ಎತ್ತರದಲ್ಲಿ, ಟಿಬೆಟ್ ಪ್ರಸ್ಥಭೂಮಿಯ ಸರಾಸರಿ ಎತ್ತರ ನಾಲ್ಕೂವರೆ ಕಿ.ಮೀ. ಆಸುಪಾಸು. ಡಿಕ್ಕಿ ಹೊಡೆಯೋ ಭಯ ಇಲ್ಲ. ಸಮಸ್ಯೆ ಬೇರೆ. ಕ್ಯಾಬಿನ್‌ನ ಒತ್ತಡ ಹಠಾತ್ತಾಗಿ ಕಮ್ಮಿ ಆದ್ರೆ ಮೇಲಿಂದ ಆಕ್ಸಿಜನ್ ಮಾಸ್ಕ್ ಬೀಳುತ್ತಲ್ಲ, ಅದರಲ್ಲಿ ಸಾಮಾನ್ಯವಾಗಿ ಹದಿನೈದು ನಿಮಿಷದ ಆಸುಪಾಸಿನಷ್ಟು ಆಕ್ಸಿಜನ್ ಇರುತ್ತೆ. ಅಷ್ಟರೊಳಗೆ ಪೈಲಟ್ ವಿಮಾನವನ್ನ ಸುಮಾರು ಮೂರು ಕಿ.ಮೀ. ಎತ್ತರಕ್ಕೆ, ಮಾಸ್ಕ್ ಇಲ್ಲದೆ ಉಸಿರಾಡೋ ಮಟ್ಟಕ್ಕೆ, ಇಳಿಸಬೇಕು. ಟಿಬೆಟ್ ಮೇಲೆ ಮೂರು ಕಿ.ಮೀ.ಗೆ ಇಳಿಯೋಣ ಅಂದ್ರೆ ನೆಲವೇ ಅದಕ್ಕಿಂತ ಮೇಲಿದೆ! ಅದಕ್ಕೇ ಹೆಚ್ಚಿನ ವಿಮಾನಗಳು ಆ ಜಾಗವನ್ನ ಬಳಸಿಕೊಂಡು ಹೋಗುತ್ವೆ. ನಮಗೆ ಶಿರಾಡಿ ಇದ್ದ ಹಾಗೆ ಆಕಾಶಕ್ಕೂ ಒಂದು ಘಾಟ್.

ಎರಡನೇ ಆಯ್ಕೆ ಉತ್ತರ ಧ್ರುವ. 2021ರ ಆ ಮೊದಲ ವಿಮಾನವನ್ನ ಕ್ಯಾಪ್ಟನ್ ಝೋಯಾ ಅಗರ್ವಾಲ್ ನೇತೃತ್ವದಲ್ಲಿ ನಾಲ್ವರು ಮಹಿಳಾ ಪೈಲಟ್‌ಗಳು ಧ್ರುವದ ದಾರಿಯಲ್ಲಿ ತಂದಿದ್ದು ಆಗ ದೊಡ್ಡ ಸುದ್ದಿಯಾಗಿತ್ತು. ಧ್ರುವ ಅಂದ ತಕ್ಷಣ ಎಷ್ಟೋ ಸುತ್ತು ಅನ್ಸುತ್ತೆ. ಲೆಕ್ಕ ನೋಡಿ, ಇದಕ್ಕೆ ಸೈನ್-ಕಾಸ್ ಕೂಡ ಬೇಡ. ಸ್ಯಾನ್ ಫ್ರಾನ್ಸಿಸ್ಕೋದಿಂದ ಧ್ರುವಕ್ಕೆ 90 − 37.62 = 52.38°. ಧ್ರುವದಿಂದ ಬೆಂಗಳೂರಿಗೆ 90 − 13.20 = 76.80°. ಒಟ್ಟು 129.18°, ಅಂದ್ರೆ ಸುಮಾರು 14,360 ಕಿ.ಮೀ. ಮಹಾವೃತ್ತಕ್ಕಿಂತ ಹೆಚ್ಚಾಗಿದ್ದು ಸುಮಾರು 375 ಕಿ.ಮೀ. ಮಾತ್ರ, ನಮ್ಮ ಮಂಗಳೂರು ದಾರಿಗಿಂತ ಒಂಚೂರು ಜಾಸ್ತಿ.

ಆದ್ರೆ ಧ್ರುವದಲ್ಲಿ ಬೇರೆ ತಲೆನೋವುಗಳಿವೆ. ಮೊದಲನೆಯದು ಚಳಿ. ವಿಮಾನದ ಇಂಧನವೂ ಹೆಪ್ಪುಗಟ್ಟುತ್ತೆ. ಜೆಟ್ ಎ-1 ಅನ್ನೋ ಇಂಧನ ಮೈನಸ್ 47° ಸೆಲ್ಸಿಯಸ್‌ವರೆಗೆ ತಡ್ಕೊಳ್ಳುತ್ತೆ, ಅಮೆರಿಕದಲ್ಲಿ ಹೆಚ್ಚಾಗಿ ತುಂಬಿಸೋ ಜೆಟ್ ಎ ಮೈನಸ್ 40°ವರೆಗೆ. ಹೊರಗಿನ ಗಾಳಿ ಅದಕ್ಕಿಂತ ತಣ್ಣಗಿರುತ್ತೆ. ಟ್ಯಾಂಕ್‌ನ ಉಷ್ಣತೆ ಇಳೀತಾ ಬಂದ್ರೆ ಪೈಲಟ್ ಬೆಚ್ಚಗಿನ ಗಾಳಿ ಇರೋ ಎತ್ತರಕ್ಕೆ ಇಳಿಯಬೇಕು ಅಥವಾ ವೇಗ ಹೆಚ್ಚಿಸಬೇಕು, ವೇಗ ಹೆಚ್ಚಿದ್ರೆ ರೆಕ್ಕೆ ಸ್ವಲ್ಪ ಬಿಸಿಯಾಗುತ್ತೆ. ಎರಡನೆಯದು ಸಂಪರ್ಕ. ಸಮಭಾಜಕದ ಮೇಲೆ ನಿಂತಿರೋ ಸಂವಹನ ಉಪಗ್ರಹಗಳು ಧ್ರುವದ ಹತ್ತಿರ ದಿಗಂತದ ಕೆಳಗೆ ಮರೆಯಾಗುತ್ವೆ. ಮೂರನೆಯದು ದಿಕ್ಸೂಚಿ. ಕಾಂತೀಯ ಧ್ರುವ ಹತ್ತಿರದಲ್ಲೇ ಇರೋದ್ರಿಂದ ಅದನ್ನ ನಂಬೋ ಹಾಗಿಲ್ಲ.

ಇಷ್ಟೆಲ್ಲ ಕಷ್ಟ ಇದ್ರೂ ಆ ದಾರಿ ಯಾಕೆ? ಅದಕ್ಕೆ ಗಾಳಿಯ ಬಗ್ಗೆ ಮಾತಾಡಬೇಕು.

ದೋಣಿ, ನದಿ ಮತ್ತು ಜೆಟ್ ಸ್ಟ್ರೀಮ್

ಸಿಇಟಿಗೆ ಓದುವಾಗ ದೋಣಿ-ನದಿ ಲೆಕ್ಕ ಮಾಡದವರು ನಮ್ಮಲ್ಲಿ ಯಾರೂ ಇಲ್ಲ. ದೋಣಿಯ ವೇಗ ನೀರಿಗೆ ಹೋಲಿಸಿ ಇಷ್ಟು, ನೀರಿನ ವೇಗ ದಡಕ್ಕೆ ಹೋಲಿಸಿ ಇಷ್ಟು, ದೋಣಿ ದಡಕ್ಕೆ ಹೋಲಿಸಿ ಎಷ್ಟು? ವಿಮಾನ ಅಂದ್ರೆ ಅದೇ ದೋಣಿ. ಗಾಳಿಯೇ ನದಿ.

ಬೋಯಿಂಗ್ 777 ಸಾಮಾನ್ಯವಾಗಿ ಮ್ಯಾಕ್ 0.84ರಲ್ಲಿ ಹಾರುತ್ತೆ, ಅಂದ್ರೆ ಶಬ್ದದ ವೇಗದ ಶೇಕಡ 84. ಮೈನಸ್ 55° ಇರೋ ಎತ್ತರದಲ್ಲಿ ಶಬ್ದದ ವೇಗ ಗಂಟೆಗೆ ಸುಮಾರು 1,065 ಕಿ.ಮೀ. ಹಾಗಾಗಿ ವಿಮಾನದ ವೇಗ ಸುಮಾರು 895. ಆದ್ರೆ ಇದು ಗಾಳಿಗೆ ಹೋಲಿಸಿದ ವೇಗ, ನೆಲಕ್ಕೆ ಹೋಲಿಸಿದ್ದಲ್ಲ.

ದಾರಿಯುದ್ದಕ್ಕೂ ಸರಾಸರಿ 60 ಕಿ.ಮೀ. ವೇಗದ ಗಾಳಿ ಬೆನ್ನ ಹಿಂದಿನಿಂದ ಬೀಸಿದ್ರೆ ನೆಲದ ಮೇಲಿನ ವೇಗ 955. 14,000 ಕಿ.ಮೀ.ಗೆ 14 ಗಂಟೆ 40 ನಿಮಿಷ. ಅದೇ ಗಾಳಿ ಎದುರಿಂದ ಬಂದ್ರೆ ವೇಗ 835, ಟೈಮ್ 16 ಗಂಟೆ 46 ನಿಮಿಷ. ಎರಡೂ ಕಡೆ ಸೇರಿಸಿದ್ರೆ 31 ಗಂಟೆ 26 ನಿಮಿಷ. ಗಾಳಿಯೇ ಇಲ್ಲದಿದ್ರೆ 31 ಗಂಟೆ 17 ನಿಮಿಷ ಸಾಕಿತ್ತು. ಹೋಗುವಾಗ ಗಾಳಿ ಕೊಟ್ಟಿದ್ದನ್ನ ಬರುವಾಗ ಬಡ್ಡಿ ಸಮೇತ ವಸೂಲಿ ಮಾಡ್ಕೊಳ್ಳುತ್ತೆ.

60 ಅನ್ನೋದು ಸರಾಸರಿ ಲೆಕ್ಕಕ್ಕೆ ಇಟ್ಕೊಂಡಿದ್ದು. ಜೆಟ್ ಸ್ಟ್ರೀಮ್ ಅನ್ನೋ ಗಾಳಿಯ ಹೊಳೆ ಇದಕ್ಕಿಂತ ಎಷ್ಟೋ ಜೋರು. ವಿಮಾನ ಹಾರೋ ಎತ್ತರದಲ್ಲೇ, ಪಶ್ಚಿಮದಿಂದ ಪೂರ್ವಕ್ಕೆ ಹರಿಯುತ್ತೆ. ಚಳಿಗಾಲದಲ್ಲಿ ಜಪಾನ್ ಹತ್ತಿರ ಗಂಟೆಗೆ 200-300 ಕಿ.ಮೀ. ವೇಗವೂ ಸಿಗಬಹುದು. ಇದನ್ನ ಮೊದಲು ಸರಿಯಾಗಿ ಅಳೆದವರು ಜಪಾನಿನ ವಾಸಾಬುರೊ ಓಯಿಶಿ. 1920ರ ದಶಕದಲ್ಲಿ ತಟೆನೊ ಅನ್ನೋ ಊರಿನ ವೀಕ್ಷಣಾಲಯದಿಂದ ಬಲೂನ್ ಬಿಟ್ಟು ಅಳೆದ್ರು. ಪ್ರಪಂಚಕ್ಕೆಲ್ಲ ಗೊತ್ತಾಗಲಿ ಅಂತ 1926ರಲ್ಲಿ ವರದಿಯನ್ನ ಎಸ್ಪೆರಾಂಟೊ ಭಾಷೆಯಲ್ಲಿ ಪ್ರಕಟಿಸಿದ್ರು. ಹೊರಗಿನವರು ಅದನ್ನ ಓದಲೇ ಇಲ್ಲ ಅನ್ನಬಹುದು. ಎರಡನೇ ಮಹಾಯುದ್ಧದಲ್ಲಿ ಜಪಾನ್ ಮೇಲೆ ಹಾರಿದ ಅಮೆರಿಕದ ಬಿ-29 ಪೈಲಟ್‌ಗಳು ಆ ಗಾಳಿಗೆ ಸಿಕ್ಕಿ ಕಂಗಾಲಾದ್ರು. ಕನ್ನಡ ಸಂಘದ ಪತ್ರಿಕೆಯಲ್ಲಿ ಇದನ್ನ ಹೇಳಲೇಬೇಕು ಅನ್ನಿಸ್ತು: ಸಂಶೋಧನೆ ಎಷ್ಟು ಮುಖ್ಯವೋ, ಅದು ಯಾವ ಭಾಷೆಯಲ್ಲಿ ಯಾರನ್ನ ತಲುಪುತ್ತೆ ಅನ್ನೋದೂ ಅಷ್ಟೇ ಮುಖ್ಯ.

ಈ ಹೊಳೆಯನ್ನ ಬಳಸಿಕೊಂಡ ಒಳ್ಳೆ ಉದಾಹರಣೆ ನಮ್ಮ ದೇಶದ್ದೇ ಇದೆ. ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಏರ್ ಇಂಡಿಯಾ ವಿಮಾನ ಮೊದಲು ಅಟ್ಲಾಂಟಿಕ್ ಕಡೆಯಿಂದ ಹೋಗ್ತಿತ್ತು. 2016ರ ಅಕ್ಟೋಬರ್‌ನಲ್ಲಿ ದಾರಿ ತಿರುಗಿಸಿ ಪೂರ್ವಕ್ಕೆ, ಪೆಸಿಫಿಕ್ ಮೇಲೆ ಹಾರಿಸಿದ್ರು. ಆಗ ಬಂದ ವರದಿಗಳ ಪ್ರಕಾರ ಅಟ್ಲಾಂಟಿಕ್ ದಾರಿ 13,900 ಕಿ.ಮೀ., ಹಿಡೀತಿದ್ದ ಹೊತ್ತು ಹದಿನಾರೂವರೆ ಗಂಟೆ. ಪೆಸಿಫಿಕ್ ದಾರಿ 15,300 ಕಿ.ಮೀ., ಹಿಡಿದದ್ದು ಹದಿನಾಲ್ಕೂವರೆ ಗಂಟೆ. 1,400 ಕಿ.ಮೀ. ಹೆಚ್ಚು ಹಾರಿ ಎರಡು ಗಂಟೆ ಬೇಗ ತಲುಪಿತು! ಭಾಗಾಕಾರ ಮಾಡಿ ನೋಡಿ: ಮೊದಲನೆಯದರ ಸರಾಸರಿ ವೇಗ ಗಂಟೆಗೆ 842, ಎರಡನೆಯದು 1,055. ಎಂಜಿನ್ ಅದೇ, ವಿಮಾನ ಅದೇ, ಸಹಾಯ ಮಾಡಿದ್ದು ನದಿ. ವಾಪಸ್ ಬರುವಾಗ ಆ ನದಿಗೆ ಎದುರೀಜಬಾರದು ಅಂತ ಅಟ್ಲಾಂಟಿಕ್ ಕಡೆಯಿಂದಲೇ ಬರ್ತಿದ್ರು. ಅಂದ್ರೆ ಹೋಗಿ ಬರೋದ್ರಲ್ಲಿ ಒಂದು ಪೂರ್ತಿ ಭೂಪ್ರದಕ್ಷಿಣೆ.

ಈಗ ಧ್ರುವದ ವಿಷಯವೂ ಅರ್ಥ ಆಗುತ್ತೆ. ಸ್ಯಾನ್ ಫ್ರಾನ್ಸಿಸ್ಕೋದಿಂದ ಭಾರತಕ್ಕೆ ಪಶ್ಚಿಮಮುಖವಾಗಿ ಬಂದ್ರೆ ಜೆಟ್ ಸ್ಟ್ರೀಮ್ ಎದುರಾಗುತ್ತೆ. ನೇರ ಉತ್ತರಕ್ಕೆ ಹೋಗಿ, ಧ್ರುವ ದಾಟಿ ನೇರ ದಕ್ಷಿಣಕ್ಕೆ ಇಳಿದ್ರೆ ಆ ಗಾಳಿ ಎದೆಗೆ ಹೊಡೆಯಲ್ಲ, ಪಕ್ಕದಿಂದ ಹಾದುಹೋಗುತ್ತೆ. 375 ಕಿ.ಮೀ. ಜಾಸ್ತಿ ಆದ್ರೂ ಲಾಭ. ಇದು ಪ್ರತಿ ದಿನವೂ ಹೀಗೇ ಇರಲ್ಲ. ಡಿಸ್ಪ್ಯಾಚರ್‌ಗಳು ಆವತ್ತಿನ ಗಾಳಿಯ ಮುನ್ಸೂಚನೆ ನೋಡಿ ಆವತ್ತಿನ ದಾರಿ ಆರಿಸ್ತಾರೆ. ನಿನ್ನೆ ಹೋದ ದಾರಿಯಲ್ಲೇ ಇವತ್ತೂ ಹೋಗಬೇಕು ಅಂತೇನಿಲ್ಲ.

ಇಲ್ಲಿ ಯಾವಾಗಲೂ ಬರೋ ಒಂದು ಪ್ರಶ್ನೆ: "ಭೂಮಿ ಪೂರ್ವಕ್ಕೆ ತಿರುಗ್ತಿದೆ. ವಿಮಾನ ಮೇಲೆ ಎದ್ದು ಸುಮ್ನೆ ನಿಂತ್ರೆ ಅಮೆರಿಕಾನೇ ಕೆಳಗೆ ಬರಲ್ವಾ?" ಬರಲ್ಲ. ಬೆಂಗಳೂರು ಈ ಕ್ಷಣ ಗಂಟೆಗೆ ಸುಮಾರು 1,630 ಕಿ.ಮೀ. ವೇಗದಲ್ಲಿ ಪೂರ್ವಕ್ಕೆ ಓಡ್ತಿದೆ, ಆದ್ರೆ ಅದರ ಜೊತೆ ರನ್‌ವೇ, ವಿಮಾನ, ಗಾಳಿ ಎಲ್ಲವೂ ಓಡ್ತಿವೆ. ಓಡೋ ಬಸ್ಸಲ್ಲಿ ಮೇಲಕ್ಕೆ ಹಾರಿದ್ರೆ ಹಿಂದಿನ ಸೀಟಿಗೆ ಹೋಗಿ ಬೀಳ್ತೀರಾ? ಇಲ್ವಲ್ಲ, ಹಾಗೇ.

ಭಾನುವಾರ ಎಲ್ಲಿ ಹೋಯ್ತು?

ಟಿಕೆಟ್ ಮೇಲೆ ಬರೆದಿರೋ ಟೈಮ್ ಆಯಾ ಊರಿನ ಗಡಿಯಾರದ್ದು. 2021ರ ಆ ವಿಮಾನದ ಶೆಡ್ಯೂಲ್ ಹೀಗಿತ್ತು: ಜನವರಿ 9, ಶನಿವಾರ ರಾತ್ರಿ 8:30ಕ್ಕೆ ಹೊರಟು ಜನವರಿ 11, ಸೋಮವಾರ ಬೆಳಗಿನ ಜಾವ 3:45ಕ್ಕೆ ಬೆಂಗಳೂರು. ಗಡಿಯಾರ ನೋಡಿದ್ರೆ 31 ಗಂಟೆ 15 ನಿಮಿಷ. ಚಳಿಗಾಲದಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ನಮಗಿಂತ 13 ಗಂಟೆ 30 ನಿಮಿಷ ಹಿಂದೆ. ಕಳೆದ್ರೆ ನಿಜವಾದ ಪ್ರಯಾಣ 17 ಗಂಟೆ 45 ನಿಮಿಷ. ಆ ವಿಮಾನದಲ್ಲಿದ್ದವರಿಗೆ ಭಾನುವಾರ ಅನ್ನೋದು ನೆಲದ ಮೇಲೆ ಸಿಗಲೇ ಇಲ್ಲ.

ಉಲ್ಟಾ ದಿಕ್ಕಿನಲ್ಲಿ ತಮಾಷೆ ಇನ್ನೂ ಜಾಸ್ತಿ. ಬೆಂಗಳೂರಿಂದ ಮಧ್ಯಾಹ್ನ 2:30ಕ್ಕೆ ಹೊರಟು 16 ಗಂಟೆ ಹಾರಿದ್ರೆ ಅದೇ ದಿನ ಸಂಜೆ 5ಕ್ಕೆ ಇಳೀತೀರ. ಊಟ ಮಾಡಿ ಹೊರಟು ಸಂಜೆ ಕಾಫಿಗೆ ಅಮೆರಿಕ! ಬೇಸಿಗೆಯಲ್ಲಿ ಅವರು ಗಡಿಯಾರ ಒಂದು ಗಂಟೆ ಮುಂದೆ ಇಟ್ಕೊಳ್ಳೋದ್ರಿಂದ ವ್ಯತ್ಯಾಸ 12 ಗಂಟೆ 30 ನಿಮಿಷಕ್ಕೆ ಇಳಿಯುತ್ತೆ. ಇದನ್ನ ಮರೆತ್ರೆ ಲೆಕ್ಕ ತಪ್ಪುತ್ತೆ.

ಇನ್ನೊಂದು ಮಾತು. ಶೆಡ್ಯೂಲ್‌ನ ಟೈಮ್ ಅಂದ್ರೆ ಬರೀ ಹಾರೋ ಟೈಮ್ ಅಲ್ಲ. ಗೇಟ್ ಬಿಟ್ಟಾಗಿನಿಂದ ಇನ್ನೊಂದು ಗೇಟ್ ಸೇರೋವರೆಗಿನ ಹೊತ್ತು. ರನ್‌ವೇಗೆ ಸಾಲು ನಿಲ್ಲೋದು, ಏರೋದು, ಇಳಿಯೋದು, ಸ್ವಲ್ಪ ತಡ ಆದ್ರೂ ಇರಲಿ ಅಂತ ಇಟ್ಟ ಮೀಸಲು, ಎಲ್ಲ ಅದರಲ್ಲಿ ಸೇರಿರುತ್ತೆ. ಆ ಎರಡು ಗಂಟೆಗಳ ಲೆಕ್ಕ ಇಲ್ಲಿಗೆ ಬಂತು: ಸ್ವಲ್ಪ ಗಾಳಿಗೆ, ಸ್ವಲ್ಪ ಸುತ್ತು ದಾರಿಗೆ, ಉಳಿದದ್ದು ನೆಲಕ್ಕೆ ಮತ್ತು ಮೀಸಲಿಗೆ.

ಗಡಿ ಆಕಾಶದಲ್ಲೂ ಇದೆ

ಗಾಳಿ, ಬೆಟ್ಟ ಎರಡೂ ಪ್ರಕೃತಿಯವು. ಮೂರನೇ ಅಡ್ಡಿ ಮನುಷ್ಯರದ್ದು. ಪ್ರತಿ ದೇಶಕ್ಕೂ ತನ್ನ ನೆಲದ ಮೇಲಿನ ಆಕಾಶ ಸ್ವಂತ. 2022ರಲ್ಲಿ ಉಕ್ರೇನ್ ಯುದ್ಧ ಶುರುವಾದ ಮೇಲೆ ಅಮೆರಿಕ, ಯುರೋಪಿನ ಕಂಪನಿಗಳಿಗೆ ರಷ್ಯಾದ ಆಕಾಶ ಮುಚ್ಚಿತು. ಭಾರತದ ಕಂಪನಿಗಳಿಗೆ ತೆರೆದೇ ಇತ್ತು. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ತನ್ನ ಆಕಾಶವನ್ನ ಭಾರತದ ವಿಮಾನಗಳಿಗೆ ಮುಚ್ಚಿದಾಗ, ದೆಹಲಿಯಿಂದ ಉತ್ತರ ಅಮೆರಿಕಕ್ಕೆ ಹೋಗೋ ಕೆಲವು ವಿಮಾನಗಳು ಇಂಧನಕ್ಕೋಸ್ಕರ ಯುರೋಪಿನಲ್ಲಿ ಇಳಿದು ಹೋಗಬೇಕಾಯ್ತು. ಎರಡು ಊರುಗಳ ದೂರ ಒಂದು ಮೀಟರ್ ಕೂಡ ಬದಲಾಗಿರಲಿಲ್ಲ. ಪ್ರಯಾಣ ಮಾತ್ರ ಗಂಟೆಗಟ್ಟಲೆ ಉದ್ದ ಆಯ್ತು. ಬೆಂಗಳೂರಿನ ನೇರ ವಿಮಾನವೂ 2021ರಿಂದ ಒಂದೇ ಸಮ ಓಡಿಲ್ಲ, ನಡುವೆ ನಿಂತಿದ್ದೂ ಇದೆ, ಮತ್ತೆ ಶುರುವಾಗಿದ್ದೂ ಇದೆ.

ಜನ ಇಲ್ಲದ ಜಾಗದ ಮೇಲೆ ಹಾರೋದರ ಬೆಲೆ ಏನು ಅಂತ 2023ರ ಜೂನ್ 6ರಂದು ಗೊತ್ತಾಯ್ತು. ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಟ ಎಐ 173 ವಿಮಾನದ ಒಂದು ಎಂಜಿನ್‌ನಲ್ಲಿ ತೊಂದರೆ ಕಾಣಿಸಿಕೊಂಡು, ರಷ್ಯಾದ ಪೂರ್ವ ತುದಿಯ ಮಗದಾನ್ ಊರಲ್ಲಿ ಇಳಿಸಿದ್ರು. 216 ಪ್ರಯಾಣಿಕರು, 16 ಸಿಬ್ಬಂದಿ. ಎಲ್ಲರೂ ಕ್ಷೇಮ. ಆದ್ರೆ ಅಷ್ಟು ಜನಕ್ಕೆ ಸಾಕಾಗೋಷ್ಟು ಹೋಟೆಲ್ ಇಲ್ಲದೆ ಹಲವರು ಶಾಲೆಯ ಕಟ್ಟಡದಲ್ಲಿ ಹಾಸಿಗೆ ಹಾಸ್ಕೊಂಡು ಮಲಗಬೇಕಾಯ್ತು. ಬದಲಿ ವಿಮಾನ ಬಂದು ಅವರು ಸ್ಯಾನ್ ಫ್ರಾನ್ಸಿಸ್ಕೋ ತಲುಪಿದ್ದು ಜೂನ್ 8ಕ್ಕೆ. 16 ಗಂಟೆಯ ಪ್ರಯಾಣ ಎರಡು ದಿನ ದಾಟಿತು.

ಆದ್ರೂ ಇದನ್ನ ಭಯದ ಕಥೆ ಅಂತ ಓದಬೇಡಿ. ಮಗದಾನ್ ಆ ದಾರಿಯಲ್ಲಿ ಸಿಕ್ಕಿದ್ದು ಅದೃಷ್ಟ ಅಲ್ಲ, ನಿಯಮ. ಎರಡು ಎಂಜಿನ್‌ನ ವಿಮಾನ, ಒಂದು ಎಂಜಿನ್ ಕೈಕೊಟ್ರೂ ಉಳಿದ ಒಂದರಲ್ಲೇ ನಿಗದಿತ ನಿಮಿಷಗಳೊಳಗೆ ಯಾವುದಾದ್ರೂ ನಿಲ್ದಾಣ ಮುಟ್ಟೋ ಹಾಗೆ ದಾರಿ ಹಾಕಬೇಕು. ಇದಕ್ಕೆ ಈಟಾಪ್ಸ್ ಅಂತಾರೆ. ಹಿಂದೆ ಈ ಮಿತಿ 60 ನಿಮಿಷ ಇತ್ತು. ಎಂಜಿನ್‌ಗಳ ಮೇಲೆ ನಂಬಿಕೆ ಬೆಳೆದ ಹಾಗೆ 120, 180 ಅಂತ ಏರ್ತಾ 2011ರಲ್ಲಿ 777ಕ್ಕೆ 330 ನಿಮಿಷದವರೆಗೆ ಅನುಮತಿ ಸಿಕ್ತು. ನಾವು ಹೆಸರೂ ಕೇಳಿರದ ಸೈಬೀರಿಯಾದ ಊರುಗಳು ನಮ್ಮ ದಾರಿಯ ಕಾವಲುಗಾರರು.

ನಾನ್‌ಸ್ಟಾಪ್ ಬೇಕಾ, ನಿಂತು ಹೋಗಬೇಕಾ?

ಇದೇ ಸೂತ್ರದಿಂದ ಒಂದು ಸ್ಟಾಪ್ ಇರೋ ದಾರಿಗಳನ್ನೂ ಅಳೆಯೋಣ. ದುಬೈ ಮೂಲಕ ಹೋದ್ರೆ 2,700 ಮತ್ತು 13,020, ಒಟ್ಟು ಸುಮಾರು 15,700 ಕಿ.ಮೀ. ಫ್ರಾಂಕ್‌ಫರ್ಟ್ ಮೂಲಕ 7,400 ಮತ್ತು 9,150, ಒಟ್ಟು 16,550. ಸಿಂಗಪುರ ಮೂಲಕ 3,180 ಮತ್ತು 13,580, ಒಟ್ಟು 16,760. ಪಶ್ಚಿಮಕ್ಕೆ ಹೋದ್ರೂ ಪೂರ್ವಕ್ಕೆ ಹೋದ್ರೂ ಹೆಚ್ಚು ಕಮ್ಮಿ ಅಷ್ಟೇ! ನಾವು ಮತ್ತು ಕ್ಯಾಲಿಫೋರ್ನಿಯಾ ಭೂಮಿಯ ಎರಡು ಬದಿಯಲ್ಲಿ ಇರೋದ್ರಿಂದ ಹೀಗೆ.

ಹಾಗಾದ್ರೆ ಎಲ್ಲರೂ ನೇರವಾಗಿ ಯಾಕೆ ಹಾರಿಸಲ್ಲ? ಉತ್ತರ ಇಂಧನದ ತೂಕ. 777-200ಎಲ್ಆರ್ ಟೇಕಾಫ್ ಆಗಬಹುದಾದ ಗರಿಷ್ಠ ತೂಕ ಸುಮಾರು 347 ಟನ್. ಅದರ ಟ್ಯಾಂಕ್ ತುಂಬ ಇಂಧನ ಹಿಡಿಸಿದ್ರೆ ಅದೇ ಸುಮಾರು 145 ಟನ್, ಶೇಕಡ 40ಕ್ಕೂ ಹೆಚ್ಚು. ಹದಿನಾರನೇ ಗಂಟೆಗೆ ಬೇಕಾದ ಇಂಧನವನ್ನ ಮೊದಲ ಹದಿನೈದು ಗಂಟೆ ಹೊತ್ಕೊಂಡು ಹೋಗಬೇಕು, ಹೊರೋಕೆ ಮತ್ತೆ ಇಂಧನ ಸುಡಬೇಕು. ಬೆಟ್ಟ ಹತ್ತುವಾಗ ಎಲ್ಲ ದಿನದ ಬುತ್ತಿಯನ್ನ ಮೊದಲ ದಿನವೇ ಬೆನ್ನಿಗೆ ಹಾಕ್ಕೊಂಡ ಹಾಗೆ. ನಡುವೆ ನಿಂತು ತುಂಬಿಸಿಕೊಂಡ್ರೆ ಹೊರೆ ಕಮ್ಮಿ, ಆದ್ರೆ ದಾರಿ ಉದ್ದ, ಹೊತ್ತು ಜಾಸ್ತಿ.

ಒಂದು ಟನ್ ಜೆಟ್ ಇಂಧನ ಉರಿದ್ರೆ ಸುಮಾರು 3.16 ಟನ್ ಕಾರ್ಬನ್ ಡೈಆಕ್ಸೈಡ್ ಬರುತ್ತೆ. ಒಂದು ಪ್ರಯಾಣಕ್ಕೆ ನೂರು ಟನ್ ಇಂಧನ ಅಂತ ಇಟ್ಕೊಂಡು, 238 ಸೀಟಿಗೆ ಹಂಚಿದ್ರೆ ತಲೆಗೆ 1.3 ಟನ್. ಒಂದು ಕಡೆಗೆ. ರಜೆಗೊಂದು ಸಲ ಊರಿಗೆ ಬಂದು ಹೋಗ್ತೀನಿ ಅನ್ನೋ ಮಾತಿಗೂ ಒಂದು ತೂಕ ಇದೆ.

ಹಾಗಾಗಿ ಯಾರಾದ್ರೂ "ಅಮೆರಿಕ ಎಷ್ಟು ದೂರ?" ಅಂತ ಕೇಳಿದ್ರೆ ಒಂದೇ ನಂಬರ್ ಹೇಳಿ ಮುಗಿಸಬೇಡಿ. ದೂರ ಜ್ಯಾಮಿತಿಯದ್ದು, ಅದು ಬದಲಾಗಲ್ಲ. ದಾರಿಯನ್ನ ಬೆಟ್ಟ, ಗಾಳಿ, ನಿಯಮ, ರಾಜಕೀಯ ಸೇರಿ ಬರೀತವೆ. ಹೊತ್ತು ಆ ದಾರಿಯದ್ದು. ಟಿಕೆಟ್ ಬುಕ್ ಮಾಡುವಾಗ ಮುಂದಿನ ವಿಮಾನಕ್ಕೆ ಒಂದೇ ಗಂಟೆ ಅಂತರ ಇಟ್ಕೊಳ್ಳೋ ಮುಂಚೆ ಇದು ನೆನಪಿರಲಿ. ಮನೆಯವರಿಗೆ ತಲುಪೋ ಟೈಮ್ ಹೇಳುವಾಗ ನಮ್ಮ ಗಡಿಯಾರದ ಟೈಮನ್ನೇ ಬರೆದುಕೊಡಿ, ಜೊತೆಗೆ ಒಂದೆರಡು ಗಂಟೆ ಹೆಚ್ಚಿಗೆ ಸೇರಿಸಿ. ವಿಮಾನ ಸೈಬೀರಿಯಾ ಮೇಲೆ ಕಂಡ್ರೆ ದಾರಿ ತಪ್ಪಿಲ್ಲ, ಅದೇ ಹತ್ತಿರದ ದಾರಿ ಅಂತ ಮೊದಲೇ ಹೇಳಿಡಿ. ನಂಬದಿದ್ರೆ ಒಂದು ಮೋಸಂಬಿ, ಒಂದು ದಾರ ಕೈಗೆ ಕೊಡಿ. ಉಳಿದದ್ದು ಅವರಿಗೇ ಗೊತ್ತಾಗುತ್ತೆ.